ಮಗ್ಗದ ಮನೆಯ ಮೀಟರು

ನಮ್ಮ ಮನೆಯ ತಲಬಾಗಿಲ ಪಕ್ಕದ ಗೋಡೆಯ ಮೇಲೆ ಎರಡು ಮೀಟರುಗಳಿವೆ. ಒಂದು ಮನೆಯದು, ಇನ್ನೊಂದು ಮಗ್ಗದ್ದು. ಬನಹಟ್ಟಿಯ ನಮ್ಮ ಓಣಿಯಲ್ಲಿ ಇದೇನು ದೊಡ್ಡಸ್ತಿಕೆಯ ಮಾತಲ್ಲ. ಮಗ್ಗದ ಕರೆಂಟಿಗೆ ಸರಕಾರದ ರಿಯಾಯಿತಿ ಇರುವುದರಿಂದ ಅದಕ್ಕೆ ಬೇರೆ ಮೀಟರು, ಬೇರೆ ನಂಬರು. ಯಾವುದು ಯಾವುದರದೆಂದು ಓಣಿಯಲ್ಲಿ ಆಡುವ ಹುಡುಗರಿಗೂ ಗೊತ್ತು. ಗೊತ್ತಿಲ್ಲದವರು ಇಡೀ ಊರಿಗೆ ಒಬ್ಬರೇ, ಅವನ್ನು ಅಲ್ಲಿ ಕೂಡಿಸಿ ಹೋದ ಕರೆಂಟ್ ಆಫೀಸಿನವರು.

ಕಬ್ಬಿನ ಹಂಗಾಮು ಶುರುವಾದರೆ ಈ ಮನೆಯಲ್ಲಿ ನಾನು ಮತ್ತು ನನ್ನ ಮಾವ ಇಬ್ಬರೇ. ನಮ್ಮ ಮನೆಯವರಿಗೆ ಬಾಡಗಂಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ತಿಂಗಳುಗಳಲ್ಲಿ ಅಲ್ಲೇ ಉಳಿದು, ವಾರಕ್ಕೊಮ್ಮೆ ಮೈತುಂಬ ಕಾಕಂಬಿಯ ವಾಸನೆ ಹೊತ್ತು ಬಂದು, ಉಂಡು, ಮಲಗಿ, ಎದ್ದು ಹೋಗುತ್ತಾರೆ. ನಾನು ಚಿಮ್ಮಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮುಂಜಾನೆ ಬಸ್ಸಿಗೆ ಹೋದರೆ ಸಂಜೆ ಸಿಕ್ಕ ಆಟೋಕ್ಕೆ ವಾಪಸು. ಮಾವ ನೇಕಾರರು. ನೇಕಾರರಾಗಿದ್ದರು ಎಂದು ಬರೆಯಬೇಕಂತೆ, ಡಾಕ್ಟರು ಹಾಗೆ ಅಪ್ಪಣೆ ಕೊಡಿಸಿದ್ದಾರೆ.

ಆ ಡಾಕ್ಟರು ಜಮಖಂಡಿಯವರು. ಮಾವನ ಎದೆಯ ಫೋಟೋ ಬೆಳಕಿಗೆ ಹಿಡಿದು, ಐವತ್ತು ವರ್ಷದ ಅರಳೆಯ ಧೂಳು ಅಲ್ಲಿ ಎಲ್ಲೆಲ್ಲಿ ಕುಳಿತಿದೆ ಎಂದು ಪೆನ್ನಿನಿಂದ ತೋರಿಸಿದರು. "ಅಜ್ಜಾರ, ಇನ್ನೊಂದು ವರ್ಷ ಮಗ್ಗದ ಖೋಲ್ಯಾಗ ಕುಂತ್ರಿ ಅಂದ್ರ, ನನ್ನ ಕಡೆ ಬರಬ್ಯಾಡ್ರಿ. ಬಂದರೂ ನಾ ಏನೂ ಮಾಡಾಕ ಆಗೂದಿಲ್ಲ," ಅಂದರು. ದಿನಕ್ಕೆರಡು ಸಲ ಔಷಧಿಯ ಹಬೆ ಎಳೆದುಕೊಳ್ಳಲು ಒಂದು ಯಂತ್ರ ಬರೆದುಕೊಟ್ಟರು. ಮುಖಕ್ಕೆ ಮಾಸ್ಕು ಹಾಕಿ, ಸ್ವಿಚ್ಚು ಒತ್ತಿದರೆ ಗುರ್ರೆನ್ನುವ ಆ ಯಂತ್ರಕ್ಕೆ ಮಾವ "ದಮ್ಮಿನ ಮಷೀನು" ಎಂದು ಹೆಸರಿಟ್ಟರು. ಎರಡು ಮಗ್ಗಗಳಲ್ಲಿ ಒಂದನ್ನು ಮಾರಿದೆವು. ಇನ್ನೊಂದರ ಮೇಲೆ ಅರ್ಧ ನೆಯ್ದ ಸೀರೆಯ ಹಾಸು ಇತ್ತು. ಅದೊಂದನ್ನು ಬಿಡಿರಿ, ನೋಡಿಕೊಂಡಾದರೂ ಕೂಡುತ್ತೇನೆ ಎಂದರು. ಪಾಪ, ನೋಡಿಕೊಂಡು ಕೂಡಲಿ ಎಂದು ಬಿಟ್ಟೆವು.

ಅವರು ನೋಡಿಕೊಂಡು ಕೂಡಲಿಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರ ಹುಬ್ಬಿನ ಮೇಲೆ ಬಿಳಿ ಅರಳೆಯ ಎಳೆಗಳು ಕುಳಿತಿರುತ್ತಿದ್ದವು.

"ಮಾಮಾ, ಮಗ್ಗ ಹಚ್ಚಿದ್ರೇನು?"

"ಇಲ್ಲವಾ. ಖೋಲಿ ಕಸಾ ಹೊಡದೆ."

ಇಡೀ ಆಯುಷ್ಯದಲ್ಲಿ ಅವರು ಕಸಬರಿಗೆ ಹಿಡಿದದ್ದನ್ನು ಕಂಡವರಿಲ್ಲ. ಇದ್ದಕ್ಕಿದ್ದಂತೆ ಸ್ವಚ್ಛತೆಯ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿದ್ದಕ್ಕೆ ಸಂತೋಷಪಡಬೇಕಿತ್ತು. ಆದರೆ ಆ ಸಂಜೆಗಳಲ್ಲಿ ಅವರ ಎದೆ ಸಿಳ್ಳು ಹಾಕುತ್ತಿತ್ತು. ಮಾತಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದರು. ಎರಡು ಸಲ ಹಚ್ಚುವ ದಮ್ಮಿನ ಮಷೀನನ್ನು ನಾಲ್ಕು ಸಲ ಹಚ್ಚಬೇಕಾಗುತ್ತಿತ್ತು. ಮಗ್ಗದ ಖೋಲಿಗೆ ಕೀಲಿ ಹಾಕಿದೆ. ಆ ಬಾಗಿಲು ಕೂಡಿಸಿದವರು ಅವರೇ, ಕೀಲಿಯಿಲ್ಲದೆ ತೆಗೆಯುವ ಉಪಾಯ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ನನಗೆ ಖರೇ ಹೆದರಿಕೆಯಾಗಿತ್ತು. ಒಂದು ದಿನ ಬಾಗಿಲು ತೆಗೆದು ಒಳಗೆ ಬಂದಾಗ ಅವರು ಉಸಿರಿಲ್ಲದೆ ಆ ಮಗ್ಗದ ಬುಡದಲ್ಲಿ ಬಿದ್ದಿರುತ್ತಾರೆ ಎಂದು ತರಗತಿಯಲ್ಲಿ ಪಾಠ ಮಾಡುವಾಗಲೂ ಅನಿಸುತ್ತಿತ್ತು.

"ಮಗ್ಗದ ಮೀಟರ ತೆಗಸಿಬಿಡು. ಕರೆಂಟ ಇಲ್ಲದ ಹೆಂಗ ನೇಯ್ತಾನ?" ಎಂದು ನಮ್ಮ ಮನೆಯವರು ಫೋನಿನಲ್ಲಿ ಹೇಳಿದರು. ಬಾಡಗಂಡಿಯಲ್ಲಿ ಕುಳಿತು ಹೇಳುವುದು ಸುಲಭ. ಮಾಡಬೇಕಾದವಳು ನಾನು.

ಅರ್ಜಿ ಬರೆದೆ. ಇಪ್ಪತ್ತು ವರ್ಷ ಕನ್ನಡ ಕಲಿಸಿದವಳು, ಒಂದು ಒತ್ತಕ್ಷರ ಹಿಂದೆ ಮುಂದೆ ಆಗದಂತೆ ಬರೆದೆ. "ನಮ್ಮ ಮಗ್ಗದ ಮನೆಯ ಮೀಟರನ್ನು ಶಾಶ್ವತವಾಗಿ ತೆಗೆದುಹಾಕಬೇಕೆಂದು ವಿನಂತಿ." ಕೆಳಗೆ ಮಗ್ಗದ ಮೀಟರಿನ ನಂಬರು ಹಾಕಿದೆ. ನಮ್ಮ ಕಡೆ ಮಗ್ಗ ಇರುವ ಖೋಲಿಗೆ ಮಗ್ಗದ ಮನೆ ಎಂದೇ ಅನ್ನುವುದು. ಅಡಿಗೆ ಮನೆ, ದೇವರ ಮನೆ, ಬಚ್ಚಲ ಮನೆ ಇದ್ದ ಹಾಗೆ ಮಗ್ಗದ ಮನೆ. ನಮ್ಮ ಒಂದು ಸಣ್ಣ ಮನೆಯೊಳಗೆ ನಾಲ್ಕು ಮನೆಗಳಿವೆ ಎಂದು ಯಾರೂ ಇದುವರೆಗೆ ಬೆರಗಾಗಿಲ್ಲ.

ಇನ್ನು ಸಹಿಯ ಮಾತು. ಎರಡೂ ಮೀಟರು ಮಾವನ ಹೆಸರಿನಲ್ಲಿವೆ. ಹೇಳಿ ಕೇಳಿದರೆ ಅವರು ಸಹಿ ಮಾಡುವುದಿಲ್ಲ. ಅದೇ ವಾರ ಅವರ ಪಿಂಚಣಿಗೆ, ತಾವು ಬದುಕಿದ್ದೇವೆ ಎಂದು ಸರಕಾರಕ್ಕೆ ಬರೆದುಕೊಡುವ ಕಾಗದ ಬಂದಿತ್ತು. ಅದರ ಕೆಳಗೆ ನನ್ನ ಅರ್ಜಿ ಇಟ್ಟೆ.

"ಮಾಮಾ, ನೀವು ಜೀವಂತ ಇದ್ದೀರಿ ಅಂತ ಸಹಿ ಮಾಡಬೇಕಂತ. ಎರಡ ಕಡೆ."

"ಎರಡ ಕಡೆ ಯಾಕ? ಒಂದ ಕಡೆ ಹೇಳಿದ್ರ ನಂಬೂದಿಲ್ಲೇನು ಅವರು?" ಎಂದು ನಕ್ಕು, ಕನ್ನಡಕವನ್ನೂ ಹುಡುಕದೆ, ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದರು. ಸೊಸೆ ಓದಿದವಳು, ಅವಳು ತೋರಿಸಿದ ಮೇಲೆ ನೋಡುವುದೇನಿದೆ ಎನ್ನುವ ಧೈರ್ಯ ಅವರಿಗೆ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು, ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಅರ್ಜಿ ಕೊಟ್ಟ ನಾಲ್ಕನೇ ದಿನ ಶಾಲೆಯಿಂದ ಬಂದೆ. ಶಿವರಾತ್ರಿ ಹತ್ತಿರ ಬಂದು ಬಿಸಿಲು ಚುರುಕಾಗಿತ್ತು. ಪಡಸಾಲೆಯಲ್ಲಿ ಫ್ಯಾನಿನ ಸ್ವಿಚ್ಚು ಒತ್ತಿದರೆ ಫ್ಯಾನು ಅಲ್ಲಾಡಲಿಲ್ಲ. ಫ್ರಿಜ್ಜು ತೆಗೆದರೆ ಕತ್ತಲು, ಮುಂಜಾನೆಯ ಹಾಲು ಒಡೆದಿತ್ತು. ಓಣಿಯಲ್ಲಿ ಕರೆಂಟು ಹೋಗಿರಬೇಕೆಂದು ಹೊರಗೆ ಬಂದರೆ ಆಚೀಚೆ ಮನೆಗಳ ಮಗ್ಗಗಳು ಖಟಪಟ ನಡೆದಿದ್ದವು. ಅಷ್ಟೇ ಅಲ್ಲ, ನಮ್ಮ ಮನೆಯ ಹಿಂದಿನಿಂದಲೂ ಅದೇ ಖಟಪಟ ಬರುತ್ತಿತ್ತು. ಹೋಗಿ ನೋಡಿದೆ. ಮಗ್ಗದ ಮನೆಯಲ್ಲಿ ಬಲ್ಬು ಝಗಝಗ ಉರಿಯುತ್ತಿತ್ತು. ಮಾವ ಮಗ್ಗದ ಮುಂದೆ ನಿಂತಿದ್ದರು, ಈ ಸಲ ಕಸ ಹೊಡೆದೆ ಎಂದು ಹೇಳುವ ಅವಕಾಶವೂ ಇರಲಿಲ್ಲ.

"ಮನಿ ಕರೆಂಟ ಹೋಗೇತವಾ," ಅಂದರು ಮಗ್ಗ ನಿಲ್ಲಿಸಿ. "ದಮ್ಮಿನ ಮಷೀನ ಇಲ್ಲೇ ತಂದು ಹಚ್ಚಿದೆ. ಹೆಂಗೂ ಇಲ್ಲೇ ಕುಂತೇನಲಾ ಅಂತ ಎರಡ ಲಾಳಿ ಓಡಿಸಿದೆ."

ಮೀಟರು ನೋಡಿದೆ. ಮನೆಯ ಮೀಟರಿನ ಜಾಗದಲ್ಲಿ ನಾಲ್ಕು ಮೊಳೆಯ ತೂತುಗಳಿದ್ದವು. ಮಗ್ಗದ ಮೀಟರು ಕೆಂಪು ದೀಪ ಮಿಟುಕಿಸುತ್ತ ಆರಾಮಾಗಿತ್ತು. ಯಾವುದನ್ನು ಉಳಿಸಬೇಕಿತ್ತೋ ಅದನ್ನು ಕಿತ್ತು, ಯಾವುದನ್ನು ಕೀಳಬೇಕಿತ್ತೋ ಅದನ್ನು ಬಿಟ್ಟು ಹೋಗಿದ್ದರು. ಬೇಕೆಂದು ಮಾಡಿದರೂ ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲು ಸಾಧ್ಯವಿರಲಿಲ್ಲ.

ಸಹಾಯವಾಣಿಗೆ ಫೋನು ಮಾಡಿದೆ. ಬಿಲ್ಲಿಗೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ ಎಂದು ಒತ್ತಿಸಿ ಒತ್ತಿಸಿ ಕೊನೆಗೆ ಒಬ್ಬ ಹುಡುಗಿಯ ದನಿ ಬಂತು.

"ಮೇಡಂ, ನಿಮ್ಮ ಏರಿಯಾದಲ್ಲಿ ಪವರ್ ಇದೆ ಅಂತ ತೋರಿಸ್ತಾ ಇದೆ."

"ಏರಿಯಾದಾಗ ಐತ್ರಿ. ನಮ್ಮ ಮನ್ಯಾಗ ಇಲ್ಲ."

"ಹಾಗಾದ್ರೆ ನಿಮ್ಮ ಮನೆ ಈ ಏರಿಯಾದಲ್ಲಿ ಬರಲ್ವಾ ಮೇಡಂ?"

ಬರುತ್ತದೆ, ನನ್ನ ಮಾವ ಹುಟ್ಟುವುದಕ್ಕಿಂತ ಮೊದಲಿನಿಂದ ಬರುತ್ತದೆ ಎಂದೆ. ದೂರು ಬರೆದುಕೊಂಡಳು. ಮರುದಿನ ಮುಂಜಾನೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ? ಫ್ಯಾನಿಲ್ಲದೆ ಮಾಳಿಗೆಯ ಮೇಲೆ ಮಲಗಿ ಎದ್ದವಳು ನಾನು. ಬೇಕಾದಷ್ಟು ನಕ್ಷತ್ರಗಳಿದ್ದವು, ಕೊಡಲು ಏನೂ ಅಡ್ಡಿ ಇರಲಿಲ್ಲ.

ಶಾಲೆಗೆ ಅರ್ಧ ದಿನ ರಜೆ ಹಾಕಿ ಕರೆಂಟ್ ಆಫೀಸಿಗೆ ಹೋದೆ. ಹೋದ ತಿಂಗಳು ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಗುಮಾಸ್ತ ನನ್ನ ಅರ್ಜಿಯನ್ನು ಕಡತದಿಂದ ತೆಗೆದು ಮುಂದಿಟ್ಟ. ಒಳ್ಳೆಯ ಮನುಷ್ಯ, ಕೂಡಲು ಕುರ್ಚಿ ಕೊಟ್ಟ. ಆ ಕುರ್ಚಿಯ ಮೇಲಿನ ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತಿತ್ತೆಂದರೆ ನನಗೆ ಇನ್ನಷ್ಟು ಸಿಟ್ಟು ಬಂತು.

"ಮೇಡಂ, ನೀವೇ ಕೊಟ್ಟಿದ್ದೀರಲ್ಲ. ಮನೆ ಮೀಟರ್ ತೆಗೀರಿ ಅಂತ."

"ಮಗ್ಗದ ಮನಿ ಅಂತ ಬರದೇನ್ರಿ."

"ಅದೇ. ಮಗ್ಗದವರ ಮನೆ. ಮನೆ ಅಂದ್ರೆ ಮನೆ ಮೀಟರ್ ತಾನೇ?"

"ಮಗ್ಗ ಇರೋ ಖೋಲಿಗೆ ಮಗ್ಗದ ಮನಿ ಅಂತೀವ್ರಿ. ನಿಮ್ಮ ಕಡೆ ಅಡಗಿ ಮನಿ ಅಂದ್ರ ಅಡಗಿಯವರ ಮನಿ ಏನ್ರಿ? ಬಚ್ಚಲ ಮನ್ಯಾಗ ಯಾರ ಸಂಸಾರ ಮಾಡತಾರ?"

ಅವನು ಸ್ವಲ್ಪ ಹೊತ್ತು ಬಚ್ಚಲ ಮನೆಯ ಬಗ್ಗೆ ವಿಚಾರ ಮಾಡಿದ.

"ಕೆಳಗ ನಂಬರ ಹಾಕೇನಲ್ರಿ," ಎಂದೆ. "ಅದು ಮಗ್ಗದ ಮೀಟರಿನ ನಂಬರ."

"ಹೌದು, ನೋಡಿದೆ. ಅರ್ಜಿಯಲ್ಲಿ ಮನೆ ಅಂತಿದೆ, ನಂಬರ್ ಮಗ್ಗದ್ದಿದೆ. ಪಾಪ, ನಂಬರ್ ತಪ್ಪಾಗಿ ಬರೆದಿದ್ದಾರೆ ಅಂತ ನಾನೇ ಸರಿ ಮಾಡಿದೆ." ನನ್ನ ನಂಬರನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಮನೆಯ ನಂಬರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಇಪ್ಪತ್ತು ವರ್ಷ ನಾನು ಹುಡುಗರ ಸರಿಯುತ್ತರಕ್ಕೆ ಒಮ್ಮೊಮ್ಮೆ ಕಣ್ತಪ್ಪಿ ಕೆಂಪು ಗೀಟು ಹಾಕಿದ್ದೇನೆ. ಅವರೆಲ್ಲ ಸೇರಿ ಈ ಮನುಷ್ಯನನ್ನು ಕಳಿಸಿರಬೇಕು ಅನಿಸಿತು.

ಇಷ್ಟೆಲ್ಲ ಸ್ಪಷ್ಟವಾದ ಮೇಲೆ ಮೀಟರು ಹಿಂದಕ್ಕೆ ಕೂಡಿಸಬಹುದಲ್ಲ ಎಂದೆ. ಆಗುವುದಿಲ್ಲವಂತೆ. ತೆಗೆಯುವಾಗ ಶಾಶ್ವತವಾಗಿ ಎಂದು ನಾನೇ ಬರೆದಿದ್ದೆ, ಶಾಶ್ವತ ಅಂದರೆ ಶಾಶ್ವತ. ಒಂದೇ ದಿನದಲ್ಲಿ ಮುಗಿಯುವ ಶಾಶ್ವತ ಅವರ ನಿಯಮದಲ್ಲಿಲ್ಲ. ಉಳಿದ ದಾರಿ ಒಂದೇ. ಮೀಟರಿನ ಮಾಲೀಕರು, ಅಂದರೆ ನನ್ನ ಮಾವ, ಸಾಹೇಬರ ಮುಂದೆ ಅರ್ಜಿ ನೋಡಿ, "ಇದು ನಾನು ಕೊಟ್ಟ ಅರ್ಜಿ, ನಾನು ತೆಗೆಯಲು ಹೇಳಿದ್ದು ಮಗ್ಗದ ಮೀಟರು" ಎಂದು ಬಾಯಿಬಿಟ್ಟು ಹೇಳಬೇಕು.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಆ ಅರ್ಜಿ ಮಾವನ ಕೈಗೆ ಹೋದರೆ, ಅವರು ತಾವು ಬದುಕಿದ್ದೇವೆ ಎಂದು ಮಾಡಿದ ಎರಡನೇ ಸಹಿ ಎಲ್ಲಿ ಬಿದ್ದಿದೆ ಎಂದು ಗೊತ್ತಾಗುತ್ತದೆ. ಮಾವನಿಗೆ ಬರಲು ಆಗುವುದಿಲ್ಲ, ದಮ್ಮಿನ ತ್ರಾಸು ಎಂದೆ. ಗುಮಾಸ್ತ ಕನಿಕರದಿಂದ, ಹಾಗಾದರೆ ಸಾಹೇಬರೇ ಮನೆಗೆ ಬಂದು ಸ್ಥಳ ಪರಿಶೀಲನೆ ಮಾಡುತ್ತಾರೆ ಎಂದ. ಸಾಹೇಬರು ಎಲ್ಲಿ? ಇಂದು ಮುಧೋಳದಲ್ಲಿ ಮೀಟಿಂಗು, ನಾಳೆ ಬೀಳಗಿಯಲ್ಲಿ ಮೀಟಿಂಗು, ನಾಡಿದ್ದು ಜಮಖಂಡಿಯಲ್ಲಿ ಮೀಟಿಂಗು. ಈ ಮೂರು ತಾಲೂಕಿನಲ್ಲಿ ಕರೆಂಟಿಗಿಂತ ಹೆಚ್ಚು ತಪ್ಪದೆ ಹರಿಯುವುದು ಮೀಟಿಂಗೇ ಇರಬೇಕು. ಖರೆ ಹೇಳಬೇಕೆಂದರೆ, ಸಾಹೇಬರು ಊರಲ್ಲಿಲ್ಲ ಎಂದು ಕೇಳಿ ನನಗೆ ಒಳಗೊಳಗೆ ಸಮಾಧಾನವೇ ಆಯಿತು. ಸಾಹೇಬರು ಯಾವಾಗ ಬರಬೇಕೆಂದು ಆಮೇಲೆ ತಿಳಿಸುತ್ತೇನೆ ಎಂದು ಎದ್ದು ಬಂದೆ.

ಹೊರಗೆ ಬೇವಿನ ಗಿಡದ ಕೆಳಗೆ ಲೈನ್‌ಮನ್ ಕುಳಿತು ಚಹಾ ಕುಡಿಯುತ್ತಿದ್ದ. ಅವನು ಇದೇ ಊರಿನವ, ಅವನಿಗೆ ಮಗ್ಗದ ಮನೆ ಎಂದರೇನೆಂದು ಅರ್ಥ ಹೇಳಬೇಕಾಗಿಲ್ಲ. ನಿನಗಾದರೂ ತಿಳಿಯಬಾರದೇ ಎಂದು ಅವನ ಮೇಲೆ ಹರಿಹಾಯ್ದೆ.

"ಅಕ್ಕಾರ, ನನಗೂ ಸಂಶೇ ಬಂದಿತ್ತರಿ," ಅಂದ ಅವನು ಚಹಾದ ಕಪ್ಪು ಕೆಳಗಿಟ್ಟು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕಾರ ಎನ್ನುತ್ತಾರೆ. "ಮಗ್ಗದ ಮನಿ ಅಂತ ಬರದಾರ, ಮಗ್ಗದ್ದ ಇರಬೇಕು ಅನಕೋತ ಬಂದೆ. ಬಂದು ನಿಂತ್ರ ಒಳಗ ಮಗ್ಗ ದಡಬಡ ನಡದಿತ್ತು. ಬಾಗಲಾ ಬಡದೆ, ಕೂಗಿದೆ, ಆ ಸಪ್ಪಳದಾಗ ಅಜ್ಜಾಗ ಕೇಳಸಲಿಲ್ಲ. ನಡಿಯೋ ಮಗ್ಗದ ಕರೆಂಟ ಯಾರರೆ ತೆಗೀರಿ ಅಂತಾರೇನ್ರಿ? ಉಣ್ಣೋರ ಮುಂದಿನ ತಾಟ ಕಸಗೊಂಡಂಗ ಆಗತೈತಿ. ಅದಕ್ಕ ಮನೀದು ತೆಗದೆ."

ಈ ಊರಿನಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಅಷ್ಟೇ ಮಾಡುತ್ತಿದ್ದರು. ಮಗ್ಗ ನಡೆಯಬಾರದೆಂದು ನಾನು ಅರ್ಜಿ ಕೊಟ್ಟೆ, ಮಗ್ಗ ನಡೆದಿತ್ತೆಂದು ಅವನು ಅದನ್ನು ಬಿಟ್ಟ.

ಅಂದಿನಿಂದ ನಮ್ಮ ಸಂಸಾರ ಮಗ್ಗದ ಮನೆಗೆ ವರ್ಗವಾಯಿತು. ಗುಮಾಸ್ತ ಮಗ್ಗದ ಮನೆ ಅಂದರೆ ಸಂಸಾರ ಮಾಡುವ ಮನೆ ಎಂದುಕೊಂಡಿದ್ದನಲ್ಲ, ಅದೂ ಖರೆಯಾಯಿತು. ಫ್ರಿಜ್ಜು ನೂಲಿನ ಚೀಲಗಳ ನಡುವೆ ಬಂದು ನಿಂತಿತು. ಮಿಕ್ಸರಿನಲ್ಲಿ ಚಟ್ನಿ ಅರೆದರೆ ಮೇಲೆ ಅರಳೆಯ ಒಗ್ಗರಣೆ. ಮೊಬೈಲು ಚಾರ್ಜಿಂಗು ಮಗ್ಗದ ಕಾಲಿನ ಹತ್ತಿರ. ಅದೂ ಕದ್ದುಮುಚ್ಚಿ, ಏಕೆಂದರೆ ಮಗ್ಗದ ರಿಯಾಯಿತಿ ಕರೆಂಟಿನಲ್ಲಿ ಚಟ್ನಿ ಅರೆಯುವುದು ಅಪರಾಧ. ಆಫೀಸಿನವರು ಮಾಡಿದರೆ ಅದು ತಿದ್ದುಪಡಿ, ನಾನು ಮಾಡಿದರೆ ಕಳ್ಳತನ.

ಮಾವನಂತೂ ಹಿಗ್ಗಿ ಹೀರೇಕಾಯಿಯಾದರು. ದಮ್ಮಿನ ಮಷೀನಿಗೆ ಕರೆಂಟು ಬೇಕು, ಕರೆಂಟು ಇರುವುದು ಮಗ್ಗದ ಮನೆಯಲ್ಲಿ, ಆದ್ದರಿಂದ ತಾವು ಅಲ್ಲಿರಬೇಕು. ಅವರ ತರ್ಕದಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಆಫೀಸಿನವರು ತಪ್ಪಿ ಮನೆಯ ಮೀಟರು ಕಿತ್ತೊಯ್ದರು ಎಂದಷ್ಟೇ ಅವರಿಗೆ ಹೇಳಿದ್ದೆ.

"ಆ ಕರೆಂಟ ಆಫೀಸಿನವರು ಶಾಣ್ಯಾ ಇದ್ದಾರವಾ," ಎನ್ನುತ್ತಿದ್ದರು. "ಯಾವುದು ಮುಖ್ಯ ಅಂತ ಅವರಿಗೆ ಗೊತ್ತೈತಿ. ನಿನಗ, ನಿನ್ನ ಗಂಡಗ, ಆ ಡಾಕ್ಟರಗ ತಿಳೀಲಾರದ್ದು ಅವರಿಗೆ ತಿಳದೈತಿ."

"ಯಾವಾಗ ಹಾಕತಾರಂತ ಮೀಟರ?" ಎಂದೊಮ್ಮೆ ಕೇಳಿದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದೆ. "ಇರಲಿ ಇರಲಿ, ಗಡಿಬಿಡಿ ಏನೈತಿ," ಎಂದು ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದರು. ಅಷ್ಟು ದಿನ ನಾನು ಆಫೀಸಿನತ್ತ ತಲೆ ಹಾಕಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತ್ರ ಕರೆಂಟಿನವರ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅವರನ್ನು ಬಿಡಬೇಡಿರಿ ಎನ್ನುತ್ತಿದ್ದರು. ಅವರನ್ನು ಬಿಡದೆ ಹಿಡಿದರೆ ಮೊದಲು ಸಿಕ್ಕಿಬೀಳುವವಳು ನಾನೇ ಎಂದು ಯಾರಿಗೂ ಹೇಳಲಿಲ್ಲ.

ಆರನೇ ದಿನ ಶಾಲೆಯಿಂದ ಬೇಗ ಬಂದೆ. ಮಗ್ಗದ ಸದ್ದು ಕೇಳುತ್ತಿತ್ತು, ಅದರೊಳಗೆ ಇನ್ನೊಂದು ಗುರ್ರೆನ್ನುವ ಸದ್ದೂ ಇತ್ತು. ಮಾವ ಮಗ್ಗದ ಪಕ್ಕದಲ್ಲಿ ನೂಲಿನ ಚೀಲಕ್ಕೆ ಒರಗಿ ಕುಳಿತಿದ್ದರು. ಮುಖದ ಮೇಲೆ ಮಾಸ್ಕು, ಅದರಲ್ಲಿ ಔಷಧಿಯ ಹಬೆ. ಒಂದು ಕೈ ಎದೆಯ ಮೇಲೆ. ತುಟಿಗಳು ನೀಲಿಗಟ್ಟಿದ್ದವು. ಮಗ್ಗ ತನ್ನ ಪಾಡಿಗೆ ತಾನು ನಡೆದಿತ್ತು, ನಿಲ್ಲಿಸಲು ಏಳುವ ಶಕ್ತಿಯೂ ಅವರಿಗಿರಲಿಲ್ಲ. ಒಂದೇ ಬೋರ್ಡಿನ ಎರಡು ಸ್ವಿಚ್ಚುಗಳಲ್ಲಿ ಒಂದು ಅವರ ಎದೆಗೆ ಧೂಳು ತುಂಬುತ್ತಿತ್ತು, ಇನ್ನೊಂದು ಅದೇ ಎದೆಗೆ ಔಷಧಿ ತುಂಬುತ್ತಿತ್ತು. ಮಗ್ಗ ಆರಿಸಿ, ಬೆನ್ನು ನೀವುತ್ತ ಕುಳಿತೆ. ಉಸಿರು ಹತೋಟಿಗೆ ಬರಲು ಅರ್ಧ ತಾಸು ಹಿಡಿಯಿತು.

"ಇನ್ನ ನಾಕ ಮಳಾ ಅಷ್ಟ ಐತವಾ," ಅಂದರು ಮಾತು ಬಂದ ಮೇಲೆ. "ಅಷ್ಟ ಮುಗಿಸಿಬಿಡತೇನಿ."

ಅಂದೇ ಆಫೀಸಿಗೆ ಹೋದೆ. ಪವಾಡವೆಂದರೆ ಸಾಹೇಬರು ಕುರ್ಚಿಯಲ್ಲಿದ್ದರು. ನಾಳೆಯೇ ಬಂದು ಪರಿಶೀಲನೆ ಮಾಡಿರಿ, ಏನಾದರೂ ಆಗಲಿ ಎಂದೆ. ಏನಾಗುತ್ತದೆ ಎಂದು ಅವರು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಸಾಹೇಬರು ಕಡತ ಹಿಡಿದು ಬಂದರು, ಹಿಂದೆ ಲೈನ್‌ಮನ್. ಬರುವ ಮೊದಲೇ ಮಾವನ ಮುಂದೆ ಕುಳಿತು ಎಲ್ಲ ಹೇಳಿಬಿಡಬೇಕೆಂದು ಮುಂಜಾನೆಯಿಂದ ಮೂರು ಸಲ ಬಾಯಿ ತೆರೆದಿದ್ದೆ. ಒಂದು ಸಲ ಚಹಾ ಬೇಕೇ ಎಂದು ಕೇಳಿದೆ, ಒಂದು ಸಲ ಬಿಸಿಲು ಬಹಳ ಎಂದೆ, ಮೂರನೇ ಸಲ ಅವರ ಮಾಸ್ಕು ತೊಳೆಯಲು ಎದ್ದು ಹೋದೆ. ಮಕ್ಕಳಿಗೆ ಧೈರ್ಯದ ಬಗ್ಗೆ ನಿಬಂಧ ಬರೆಸುವವಳ ಧೈರ್ಯ ಅಷ್ಟೇ.

ಸಾಹೇಬರು ನೇರ ಮಗ್ಗದ ಮನೆಗೆ ಬಂದರು. ಫ್ರಿಜ್ಜು ನೋಡಿದರು, ಮಿಕ್ಸರು ನೋಡಿದರು, ದೊಡ್ಡ ಮನಸ್ಸು ಮಾಡಿ ನೋಡದವರಂತೆ ಇದ್ದರು. ಮಾವ ಚೀಲದ ಮೇಲೆ ಕುಳಿತಿದ್ದರು. ಸಾಹೇಬರು ಕಡತ ತೆಗೆದು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ನನ್ನ ವಾಕ್ಯ, ನನ್ನ ಒತ್ತಕ್ಷರಗಳು, ಶಾಶ್ವತವಾಗಿ ಎಂಬ ನನ್ನ ಶಬ್ದ, ಎಲ್ಲವೂ ಆ ಖೋಲಿಯಲ್ಲಿ ಕೇಳಿಸಿದವು.

"ಅಜ್ಜಾರ, ಈ ಅರ್ಜಿ ನೀವು ಕೊಟ್ಟದ್ದೇನ್ರಿ? ಸಹಿ ನಿಮ್ಮದ ಹೌದಿಲ್ಲೋ ನೋಡ್ರಿ."

ಮಾವ ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡರು. ಕಾಗದವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಕಿರಾಣಿ ಚೀಟಿ, ಔಷಧಿ ಚೀಟಿ ಎಂದು ವರ್ಷಗಟ್ಟಲೆ ಅವರು ನನ್ನ ಅಕ್ಷರ ನೋಡಿದವರು. ಆಮೇಲೆ ಕಾಗದದ ಮೇಲಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಇಲ್ಲ ಅಂದಿದ್ದರೆ ನನ್ನ ಮಾನ ಹೋಗುತ್ತಿತ್ತು, ಅವರ ಮಗ್ಗ ಉಳಿಯುತ್ತಿತ್ತು.

"ನಂದ ಐತ್ರಿ," ಅಂದರು.

"ಮಗ್ಗದ ಮನಿ ಅಂದ್ರ ಯಾವುದ್ರಿ?"

"ಇದ ರೀ. ನೀವು ನಿಂತದ್ದು."

ಸಾಹೇಬರು ಮಗ್ಗದ ಮೇಲಿನ ಹೊಸ ಬಟ್ಟೆಯನ್ನು ಕೈಯಿಂದ ಸವರಿ ನೋಡಿದರು. ಕೆಂಪು ದಡಿಯ ಸೀರೆ, ಖರೇನೇ ಛಲೋ ಬಂದಿತ್ತು. "ಮಗ್ಗ ನಡಸಾಕತ್ತೀರಲಾ ಅಜ್ಜಾರ. ಬ್ಯಾಡ ಅನ್ನೋದಿದ್ರ ಈಗ ಹೇಳ್ರಿ. ಇದನ್ನ ಹರದ ಒಗೀತೇನಿ, ಎರಡೂ ಮೀಟರ ಇರಲಿ."

ಇಷ್ಟು ದಿನ ನಿಯಮ ಬಿಟ್ಟು ಅತ್ತಿತ್ತ ಅಲ್ಲಾಡದ ಆಫೀಸು, ಮಾನವೀಯತೆ ತೋರಿಸಲು ಆ ಗಳಿಗೆಯನ್ನೇ ಆರಿಸಿಕೊಂಡಿತು. ನಾನು ತಲೆಯೆತ್ತಿದೆ. ಮಾವ ಮಗ್ಗದ ಕಡೆ ನೋಡುತ್ತಿದ್ದರು.

"ಬ್ಯಾಡ್ರಿ," ಅಂದರು. "ಬರದವರು ವಿಚಾರ ಮಾಡಿ ಬರದಾರ."

"ಬರದವರು ನೀವ ಅಲ್ಲೇನು?"

"ಹೌದ್ರಿ. ನಾನ ಬರದೇನಿ. ತೆಗೀರಿ."

ಲೈನ್‌ಮನ್ ಹೊರಗೆ ಹೋಗಲು ಹಿಂದೆಮುಂದೆ ನೋಡುತ್ತ ನಿಂತಿದ್ದ. ಮಾವ ಎದ್ದರು. ಹಾಸಿನ ನಡುವೆ ಸಿಕ್ಕಿದ್ದ ಲಾಳಿಯನ್ನು ಮೆಲ್ಲಗೆ ಹೊರಗೆ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಗೋಡೆಯ ಗೂಡಿನಲ್ಲಿಟ್ಟರು. ಇನ್ನೂ ನೇಯದ ನಾಲ್ಕು ಮೊಳ ಹಾಸು ಹಾಗೇ ಬೋಳಾಗಿ ಉಳಿಯಿತು. "ಹೂಂ, ಆತು," ಅಂದರು ಲೈನ್‌ಮನ್‌ಗೆ. ಸ್ವಲ್ಪ ಹೊತ್ತಿಗೆ ಬಲ್ಬು ಆರಿತು. ಅದಾದ ಒಂದು ತಾಸಿಗೆ ಪಡಸಾಲೆಯ ಫ್ಯಾನು ತಿರುಗಿತು. ಶಾಶ್ವತವಾದದ್ದನ್ನು ಹಿಂದಕ್ಕೆ ತರಲು ಅವರಿಗೆ ನಾಲ್ಕು ತಿರುಪು ಮತ್ತು ಒಂದು ಕಟಿಂಗ್ ಪ್ಲೇಯರ್ ಸಾಕಾಯಿತು.

ಸಂಜೆ ದಮ್ಮಿನ ಮಷೀನನ್ನು ಪಡಸಾಲೆಗೆ ತಂದು ಹಚ್ಚಿದೆ. ಮಾಸ್ಕಿನ ದಾರವನ್ನು ಅವರ ಕಿವಿಯ ಹಿಂದೆ ಸಿಕ್ಕಿಸುವಾಗ ಮುಖ ನೋಡಲಾಗದೆ ಹಿಂದೆ ನಿಂತು ಸಿಕ್ಕಿಸಿದೆ. ಉಸಿರು ನಿರಾಳವಾಗಿತ್ತು, ಎದೆಯಲ್ಲಿ ಸಿಳ್ಳಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ನಾನು ಗೆದ್ದಿದ್ದೆ.

"ಕೇಳಿದ್ರ ನಾನ ಸಹಿ ಮಾಡತಿದ್ನೆಲ್ಲ ಯವ್ವಾ," ಅಂದರು ಮಾಸ್ಕಿನೊಳಗಿಂದ.

ಮಾಡುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ನಾನು ಕೇಳಬೇಕಾಗಿತ್ತು.

"ತಪ್ಪಾತ್ರಿ ಮಾಮಾ," ಅಂದೆ.

ಮಷೀನಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಕೈ ಚಾಚಿ ಸ್ವಿಚ್ಚು ಆರಿಸಿ, ಮಾಸ್ಕು ಗಲ್ಲಕ್ಕಿಳಿಸಿ, "ಏನಂದಿ?" ಎಂದು ತಿರುಗಿ ನನ್ನ ಮುಖ ನೋಡಿದರು. ಎರಡನೇ ಸಲ ಹೇಳುವುದು ಬಹಳ ಕಷ್ಟವಾಯಿತು.